ಬಾಯಿ ಬಿಟ್ಟು ಕೇಳೋದು ಹೇಗೆ? ಗೊರಗುಂಟೆಪಾಳ್ಯ, ಪೀಣ್ಯದ ದುಡಿಯುವ ಹೆಣ್ಣುಮಕ್ಕಳಿಗೆ ಗೊತ್ತಿರಬೇಕಾದ ವಿಷಯಗಳು

ಗೊರಗುಂಟೆಪಾಳ್ಯ: ತುಮಕೂರು ರಸ್ತೆ ಮತ್ತು ಹೊರವರ್ತುಲ ರಸ್ತೆ ಕೂಡುವ ಗೊರಗುಂಟೆಪಾಳ್ಯ ಸಿಗ್ನಲ್‌ನಲ್ಲಿ ಬೆಳಿಗ್ಗೆ ಎಂಟರ ಹೊತ್ತಿಗೆ ನಿಂತು ನೋಡಿದರೆ ಸಾಕು, ಈ ಭಾಗದ ದುಡಿಮೆ ಯಾರ ಹೆಗಲ ಮೇಲಿದೆ ಅಂತ ಗೊತ್ತಾಗುತ್ತದೆ. ಹೆಗಲಿಗೆ ಬ್ಯಾಗು, ಕೈಯಲ್ಲಿ ಊಟದ ಡಬ್ಬಿ ಹಿಡಿದ ಹೆಣ್ಣುಮಕ್ಕಳು ಬಸ್ಸಿಂದ, ಮೆಟ್ರೋದಿಂದ ಇಳಿದು ಪೀಣ್ಯದ ಕಡೆ ನಡೆಯುತ್ತಾರೆ. ಗಾರ್ಮೆಂಟ್ಸ್‌ನಲ್ಲಂತೂ ಹೆಚ್ಚಿನವರು ಹೆಂಗಸರೇ. ಇದಲ್ಲದೆ ಅಂಗಡಿಗಳ ಸೇಲ್ಸ್, ನರ್ಸಿಂಗ್ ಹೋಂಗಳ ಆಯಾ ಕೆಲಸ, ಮನೆಗೆಲಸ, ರಸ್ತೆ ಬದಿ ಹೂ, ಹಣ್ಣು, ತರಕಾರಿ ವ್ಯಾಪಾರ, ಹೀಗೆ ಎಲ್ಲ ಕಡೆಯೂ ಹೆಣ್ಣುಮಕ್ಕಳಿದ್ದಾರೆ.

ಕೆಲಸದಲ್ಲಿ ಕೈ ಚುರುಕು. ಆದರೆ ಸಂಬಳದಲ್ಲಿ ಎರಡು ದಿನ ಕಡಿತ ಆದರೆ, ಸೂಪರ್‌ವೈಸರ್ ಬಾಯಿಗೆ ಬಂದಂತೆ ಬೈದರೆ, ಬ್ಯಾಂಕಿನಲ್ಲಿ ಫಾರಂ ವಾಪಸ್ ಎಸೆದರೆ ಬಾಯಿ ಕಟ್ಟಿಹೋಗುತ್ತದೆ. "ಯಾಕೆ ಸುಮ್ನೆ ಗಲಾಟೆ" ಅಂತ ಹಿಂದಕ್ಕೆ ಸರಿಯುವವರೇ ಹೆಚ್ಚು. ಹೀಗೆ ಸುಮ್ಮನಾದಾಗ ಹೋಗುವುದು ಬರೀ ಮರ್ಯಾದೆ ಅಲ್ಲ, ದುಡ್ಡೂ ಹೋಗುತ್ತದೆ. ಯಾವ ವಿಷಯವನ್ನು ಯಾರ ಹತ್ತಿರ, ಹೇಗೆ ಕೇಳಬೇಕು? ಕಾನೂನಿನ ಬೆಂಬಲ ಎಷ್ಟಿದೆ? ಇಲ್ಲಿದೆ ವಿವರ.

2016ರ ಏಪ್ರಿಲ್‌ನಲ್ಲಿ ಏನಾಯ್ತು?

ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳ ದನಿಗೆ ದೆಹಲಿ ಓಗೊಟ್ಟ ಘಟನೆ ಈ ರಸ್ತೆಯವರಿಗೆ ಇನ್ನೂ ನೆನಪಿದೆ.

2016ರ ಫೆಬ್ರವರಿ 10ರಂದು ಕೇಂದ್ರ ಸರ್ಕಾರ ಪಿಎಫ್ ನಿಯಮ ಬದಲಿಸಿ ಅಧಿಸೂಚನೆ ಹೊರಡಿಸಿತು. ಅದರ ಪ್ರಕಾರ ಕೆಲಸ ಬಿಟ್ಟವರು ತಮ್ಮ ಸಂಬಳದಿಂದ ಕಟ್ಟಿದ ಪಾಲನ್ನು ಮಾತ್ರ ತೆಗೆಯಬಹುದಿತ್ತು. ಪಿಎಫ್ ಖಾತೆಗೆ ಮಾಲೀಕರು ಕಟ್ಟಿದ ಪಾಲಿಗೆ 58 ವರ್ಷ ತುಂಬುವ ತನಕ ಕಾಯಬೇಕಿತ್ತು. ಗಾರ್ಮೆಂಟ್ಸ್ ಕೆಲಸದಲ್ಲಿ 58ರವರೆಗೆ ಮೆಷಿನ್ ಮುಂದೆ ಕೂರುವವರು ತೀರಾ ಕಡಿಮೆ. ನಲವತ್ತು ದಾಟುವಷ್ಟರಲ್ಲಿ ಬೆನ್ನು, ಕಣ್ಣು ಸೋತು ಕೆಲಸ ಬಿಡುವವರಿಗೆ ಪಿಎಫ್ ಅಂದರೆ ಮಗಳ ಮದುವೆ, ಮಗನ ಕಾಲೇಜು ಫೀಸು, ಊರಿನ ಮನೆಯ ರಿಪೇರಿ.

ಏಪ್ರಿಲ್ 18ರಂದು ಹೊಸೂರು ರಸ್ತೆಯಲ್ಲಿ ಸಾವಿರಾರು ಹೆಣ್ಣುಮಕ್ಕಳು ಫ್ಯಾಕ್ಟರಿ ಬಿಟ್ಟು ರಸ್ತೆಗಿಳಿದರು. ಮರುದಿನ ಜಾಲಹಳ್ಳಿ ಕ್ರಾಸ್, ಪೀಣ್ಯ ಸೇರಿ ತುಮಕೂರು ರಸ್ತೆಗೂ ಪ್ರತಿಭಟನೆ ಹಬ್ಬಿತು. ಕರೆ ಕೊಟ್ಟವರು ಇಂಥವರೇ ಅಂತ ಹೇಳುವ ಹಾಗಿರಲಿಲ್ಲ. ಯಾವ ದೊಡ್ಡ ಪಕ್ಷವೂ ಮುಂದೆ ನಿಂತಿರಲಿಲ್ಲ. ಎರಡನೇ ದಿನ ಕಲ್ಲು ತೂರಾಟ, ಬೆಂಕಿ, ಲಾಠಿ ಚಾರ್ಜ್ ನಡೆದವು. ಏಪ್ರಿಲ್ 19ರಂದೇ ಕೇಂದ್ರ ಕಾರ್ಮಿಕ ಸಚಿವರಾಗಿದ್ದ ಬಂಡಾರು ದತ್ತಾತ್ರೇಯ ಅಧಿಸೂಚನೆ ವಾಪಸ್ ಪಡೆಯುವುದಾಗಿ ಪ್ರಕಟಿಸಿದರು. ಅದರ ಲಾಭ ಸಿಕ್ಕಿದ್ದು ಬೆಂಗಳೂರಿನವರಿಗೆ ಮಾತ್ರವಲ್ಲ, ಇಡೀ ದೇಶದ ಪಿಎಫ್ ಖಾತೆದಾರರಿಗೆ.

ಇದರಲ್ಲಿ ಗಮನಿಸಬೇಕಾದ ಒಂದು ವಿಷಯವಿದೆ. ಲಕ್ಷಾಂತರ ಜನರ ದುಡ್ಡು ಉಳಿಸಿದ ಇದೇ ಹೆಣ್ಣುಮಕ್ಕಳಲ್ಲಿ ಎಷ್ಟೋ ಜನ ಮಾರನೇ ದಿನ ಲೈನಿಗೆ ಹೋಗಿ ಕೂತಾಗ, ಬಾತ್‌ರೂಮಿಗೆ ಹೋಗಿಬರಲು ಅನುಮತಿ ಕೇಳುವುದಕ್ಕೂ ಹಿಂದೆ ಮುಂದೆ ನೋಡುವವರು. ಗುಂಪಿನಲ್ಲಿದ್ದ ಧೈರ್ಯ ಒಬ್ಬಳೇ ನಿಂತಾಗ ಎಲ್ಲಿ ಹೋಗುತ್ತದೆ?

ನಾಚಿಕೆ ಅಲ್ಲ, ಲೆಕ್ಕಾಚಾರ

"ನಮ್ಮ ಹೆಂಗಸರಿಗೆ ಮಾತಾಡೋಕೆ ಬರಲ್ಲ" ಅಂತ ಸುಲಭವಾಗಿ ಹೇಳಿಬಿಡುತ್ತಾರೆ. ನಿಜ ಹಾಗಿಲ್ಲ. ಚೀಟಿ ದುಡ್ಡು ಕೊಡದವರ ಮನೆ ಬಾಗಿಲಲ್ಲಿ, ನಲ್ಲಿ ನೀರಿನ ಸರದಿಯಲ್ಲಿ, ಸಂತೆಯಲ್ಲಿ ಚೌಕಾಸಿ ಮಾಡುವಾಗ ಅದೇ ಹೆಂಗಸರು ಖಡಕ್ಕಾಗಿ ಮಾತಾಡುತ್ತಾರೆ. ಫ್ಯಾಕ್ಟರಿಯಲ್ಲಿ, ಕಚೇರಿಯಲ್ಲಿ ಸುಮ್ಮನಾಗುವುದಕ್ಕೆ ಕಾರಣಗಳು ಬೇರೆ:

- ಮಾತಾಡಿದರೆ ಕಷ್ಟದ ಆಪರೇಷನ್‌ಗೆ ಹಾಕುತ್ತಾರೆ, ಟಾರ್ಗೆಟ್ ಏರಿಸುತ್ತಾರೆ, ರಜೆ ಕೇಳಿದಾಗ ಕೊಡಲ್ಲ ಎನ್ನುವ ಭಯ.
- ಮನೆ ಬಾಡಿಗೆ, ಸಂಘದ ಸಾಲದ ಕಂತು. ಒಂದು ತಿಂಗಳ ಸಂಬಳ ತಪ್ಪಿದರೂ ಮನೆ ನಡೆಯಲ್ಲ.
- ಕೇಳಿಸಿಕೊಳ್ಳುವ ಕುರ್ಚಿಯಲ್ಲಿ ಕೂತವರು ಹೆಚ್ಚಾಗಿ ಗಂಡಸರು.
- ಭಾಷೆ. ಒಡಿಶಾ, ಜಾರ್ಖಂಡ್ ಕಡೆಯಿಂದ ಬಂದ ಹುಡುಗಿಯರಿಗೆ ಕನ್ನಡ ಬರಲ್ಲ, ಕನ್ನಡದವರಿಗೆ ಇಂಗ್ಲಿಷ್ ಫಾರಂ ಅರ್ಥ ಆಗಲ್ಲ.
- ವಿಷಯ ಮನೆಗೆ ಗೊತ್ತಾದರೆ "ಕೆಲಸಕ್ಕೇ ಹೋಗಬೇಡ" ಅಂದುಬಿಡುತ್ತಾರೆ ಎನ್ನುವ ಆತಂಕ.

ಹಾಗಾಗಿ "ಧೈರ್ಯ ತಗೋ" ಅಂತ ಉಪದೇಶ ಮಾಡಿದರೆ ಪ್ರಯೋಜನ ಇಲ್ಲ. ಮಾತಾಡಿದರೆ ಆಗುವ ನಷ್ಟ ಕಡಿಮೆಯಾಗಬೇಕು, ಮಾತಿಗೆ ಸಿಗುವ ಫಲ ಹೆಚ್ಚಬೇಕು. ಅದಕ್ಕೆ ಬೇಕಾದದ್ದು ಅಭ್ಯಾಸ, ಜೊತೆ ಮತ್ತು ಕಾನೂನಿನ ತಿಳಿವಳಿಕೆ.

ಮಾತು ಕಲಿಸಿದರೆ ಲಾಭ ಯಾರಿಗೆ?

ಗ್ಯಾಪ್ ಎಂಬ ಬಟ್ಟೆ ಕಂಪನಿ 2007ರಲ್ಲಿ ಗಾರ್ಮೆಂಟ್ಸ್ ಹೆಣ್ಣುಮಕ್ಕಳಿಗಾಗಿ 'ಪೇಸ್' ಎಂಬ ತರಬೇತಿ ಶುರು ಮಾಡಿತು. ಮಾತುಕತೆ, ಸಮಯ ನಿರ್ವಹಣೆ, ಸಮಸ್ಯೆ ಬಗೆಹರಿಸುವುದು, ಹಣಕಾಸು, ಆರೋಗ್ಯ ಇದರ ಪಾಠಗಳು. ಬೆಂಗಳೂರಿನ ಶಾಹಿ ಎಕ್ಸ್‌ಪೋರ್ಟ್ಸ್‌ನ 5 ಫ್ಯಾಕ್ಟರಿಗಳಲ್ಲಿ ಸುಮಾರು 80 ಗಂಟೆಗಳ ಈ ತರಬೇತಿಯ ಪರಿಣಾಮವನ್ನು ಅಚ್ಯುತ ಅಧ್ವರ್ಯು, ನಮ್ರತಾ ಕಲಾ, ಅನಂತ್ ನ್ಯಾಶಾಧಮ್ ಎಂಬ ಅರ್ಥಶಾಸ್ತ್ರಜ್ಞರು ಅಳೆದು ನೋಡಿದರು. ಆಸಕ್ತಿ ತೋರಿಸಿದವರಲ್ಲಿ ಲಾಟರಿ ಎತ್ತಿ, ಆಯ್ಕೆಯಾದವರನ್ನೂ ಆಗದವರನ್ನೂ ಹೋಲಿಸಿದರು.

ತರಬೇತಿ ಪಡೆದ ಹೆಣ್ಣುಮಕ್ಕಳ ಉತ್ಪಾದಕತೆ ಗಣನೀಯವಾಗಿ ಏರಿತು. ಬರೀ ಮಾತು, ವ್ಯವಹಾರ ಕಲಿಸಿದ್ದಕ್ಕೆ ಕೈಯ ಕೆಲಸವೂ ಸುಧಾರಿಸಿತು. ಕಾರಣ ಸರಳ. ಮೆಷಿನ್ ದಾರ ಪದೇ ಪದೇ ಕಿತ್ತುಹೋಗುತ್ತಿದ್ದರೆ ಸುಮ್ಮನೆ ಒದ್ದಾಡುವ ಬದಲು ಮೆಕ್ಯಾನಿಕ್‌ನನ್ನು ಕೂಗಿ ಕರೆಯುವವಳ ಸಮಯ ಉಳಿಯುತ್ತದೆ. ಗೊತ್ತಿಲ್ಲದ್ದನ್ನು ಕೇಳುವವಳು ಹೊಸ ಆಪರೇಷನ್ ಬೇಗ ಕಲಿಯುತ್ತಾಳೆ.

ಕಂಪನಿಗೆ ಖರ್ಚು ಕಳೆದು ಸುಮಾರು ಎರಡೂವರೆ ಪಟ್ಟು ಲಾಭ ಬಂತು ಎಂದು ಅಧ್ಯಯನ ಲೆಕ್ಕ ಹಾಕಿದೆ. ಹೆಣ್ಣುಮಕ್ಕಳ ಸಂಬಳ ಏರಿದ್ದು ಮಾತ್ರ ತೀರಾ ಅಲ್ಪ. ಮಾತು ಕಲಿತರೆ ಕೆಲಸ ಚೆನ್ನಾಗಿ ಆಗುತ್ತದೆ, ಸಂಬಳ ತಾನಾಗಿ ಏರುವುದಿಲ್ಲ, ಅದನ್ನು ಬೇರೆಯಾಗಿ ಕೇಳಬೇಕು ಎಂಬುದು ಇದರಿಂದ ತಿಳಿಯುವ ಪಾಠ.

ರಾಜ್ಯದ ಗಾರ್ಮೆಂಟ್ಸ್ ಫ್ಯಾಕ್ಟರಿಗಳಲ್ಲೇ ನಡೆದ ಇನ್ನೊಂದು ಅಧ್ಯಯನ ಮಾಲೀಕರು ಗಮನಿಸಬೇಕಾದ್ದು. ನಿರೀಕ್ಷೆಗಿಂತ ಕಡಿಮೆ ಸಂಬಳ ಏರಿಕೆ ಆಗಿ ಎಲ್ಲರೂ ಬೇಸರದಲ್ಲಿದ್ದಾಗ, ಕೆಲವರನ್ನು ಆರಿಸಿ ಕೆಲಸ, ಸಂಬಳ, ಸೂಪರ್‌ವೈಸರ್ ಬಗ್ಗೆ ಅಭಿಪ್ರಾಯ ಕೇಳಲಾಯಿತು. ಯಾರು ಏನು ಹೇಳಿದರು ಎಂಬುದನ್ನು ಗುಟ್ಟಾಗಿಟ್ಟರು. ಅಭಿಪ್ರಾಯ ಕೇಳಿಸಿಕೊಂಡ ಗುಂಪಿನಲ್ಲಿ ಕೆಲಸ ಬಿಟ್ಟವರ ಪ್ರಮಾಣ ಉಳಿದವರಿಗಿಂತ ಸುಮಾರು ಐದನೇ ಒಂದು ಭಾಗ ಕಡಿಮೆ ಇತ್ತು. "ಜನ ನಿಲ್ಲಲ್ಲ" ಅಂತ ಗೊಣಗುವ ಪೀಣ್ಯದ ಸಣ್ಣ ಘಟಕಗಳ, ಗೊರಗುಂಟೆಪಾಳ್ಯದ ಅಂಗಡಿಗಳ ಮಾಲೀಕರು ಇದನ್ನು ಪೈಸೆ ಖರ್ಚಿಲ್ಲದೆ ಮಾಡಿ ನೋಡಬಹುದು.

ಕೇಳುವ ಕ್ರಮ: ನಾಲ್ಕು ಅಂಶ ಸಾಕು

ದೂರು ಸೋಲುವುದು ಹೆಚ್ಚಾಗಿ ಹೇಳುವ ರೀತಿಯಿಂದ. "ಸರ್, ನಂದು ಸ್ವಲ್ಪ ನೋಡಿ ಸರ್, ಪ್ರತಿ ಸಲ ಹಿಂಗೇ ಆಗತ್ತೆ" ಅಂದರೆ ಎದುರಿನವರಿಗೆ "ಆಯ್ತು ನೋಡ್ತೀನಿ ಹೋಗಮ್ಮ" ಅಂತ ಕಳಿಸುವುದು ಸುಲಭ. ಅದೇ ಮಾತನ್ನು ಹೀಗೆ ಹೇಳಬಹುದು:

"ಸರ್, ಹೋದ ತಿಂಗಳ ಸ್ಲಿಪ್ಪಲ್ಲಿ ಎರಡು ದಿನ ಆಬ್ಸೆಂಟ್ ಅಂತ ಹಾಕಿದ್ದಾರೆ. 12, 13ನೇ ತಾರೀಕು ನಾನು ಡ್ಯೂಟಿ ಮಾಡಿದ್ದೀನಿ, ಪಂಚ್ ಆಗಿದೆ. ಆ ಎರಡು ದಿನದ ಸಂಬಳ ಸೇರಿಸಬೇಕು. ಯಾವತ್ತು ಬಂದು ವಿಚಾರಿಸಲಿ?"

ಇದರಲ್ಲಿ ನಾಲ್ಕು ಅಂಶ ಇವೆ: ಏನಾಯ್ತು, ಯಾವತ್ತು, ಸಾಕ್ಷಿ ಏನು, ಏನು ಆಗಬೇಕು. ಕೊನೆಯ ಪ್ರಶ್ನೆ ಬಹಳ ಮುಖ್ಯ. "ಯಾವತ್ತು" ಅಂತ ಕೇಳಿದಾಗ ಎದುರಿನವರು ಒಂದು ದಿನ ಹೇಳಲೇಬೇಕಾಗುತ್ತದೆ. ಆ ದಿನ ಮತ್ತೆ ಹೋಗಿ ನಿಂತರೆ ಅದು ಜಗಳ ಆಗಲ್ಲ, ಅವರೇ ಕೊಟ್ಟ ಮಾತನ್ನು ನೆನಪಿಸಿದ ಹಾಗಾಗುತ್ತದೆ.

ಇನ್ನು ಕೆಲವು ರೂಢಿ ಮಾಡಿಕೊಳ್ಳಬಹುದಾದ ವಿಷಯಗಳು:

- ಒಬ್ಬರೇ ಹೋಗಬೇಡಿ. ಇಬ್ಬರು ಮೂವರು ಹೋಗಿ, ಆದರೆ ಮಾತಾಡುವವರು ಒಬ್ಬರೇ ಇರಲಿ. ಮುಂದಿನ ಸಲ ಇನ್ನೊಬ್ಬರು ಮಾತಾಡಲಿ. ಇದರಿಂದ ಯಾರೊಬ್ಬರೂ 'ಲೀಡರ್' ಅಂತ ಕಣ್ಣಿಗೆ ಬೀಳಲ್ಲ, ಎಲ್ಲರಿಗೂ ಅಭ್ಯಾಸವೂ ಆಗುತ್ತದೆ.
- ಮೊದಲೇ ಹೇಳಿ ನೋಡಿ. ಊಟದ ಹೊತ್ತಿನಲ್ಲಿ ಪಕ್ಕದ ಅಕ್ಕನ ಮುಂದೆ ಎರಡು ಸಲ ಹೇಳಿದರೆ ಮೂರನೇ ಸಲ ನಾಲಿಗೆ ತಡವರಿಸಲ್ಲ.
- ಡೈರಿ ಇಡಿ. ದಿನಾಂಕ, ಸಮಯ, ಏನಂದರು, ಯಾರಿದ್ದರು ಅಂತ ಅವತ್ತೇ ಬರೆದಿಡಿ. ಬರೆಯಲು ಬರದವರು ಫೋನಿನಲ್ಲಿ ಮಾತಾಡಿ ರೆಕಾರ್ಡ್ ಮಾಡಿಟ್ಟುಕೊಳ್ಳಬಹುದು.
- ಕೋಪ ಬಂದ ಗಳಿಗೆಯಲ್ಲಿ ಬೇಡ. ಅಳು ಬರುವ ಹಾಗಿದ್ದರೆ "ಹತ್ತು ನಿಮಿಷ ಬಿಟ್ಟು ಬರ್ತೀನಿ ಸರ್" ಅಂದು ನೀರು ಕುಡಿದು ಬನ್ನಿ. ಅತ್ತರೂ ತಪ್ಪೇನಿಲ್ಲ, ಹೇಳಬೇಕಾದ್ದನ್ನು ಹೇಳಿಯೇ ಬನ್ನಿ.
- ಬರೆದು ಕೊಟ್ಟರೆ ಸ್ವೀಕೃತಿ ಪಡೆಯಿರಿ. ಅರ್ಜಿಯ ಇನ್ನೊಂದು ಪ್ರತಿಯ ಮೇಲೆ ಸಹಿ, ಸೀಲು, ದಿನಾಂಕ ಹಾಕಿಸಿಕೊಳ್ಳಿ. ಕನ್ನಡದಲ್ಲೇ ಬರೆಯಬಹುದು.

"ನಿಮ್ಮ ಬಗ್ಗೆ ಹೇಳಿ" ಅಂದಾಗ

ಹೊಸ ಕೆಲಸಕ್ಕೆ ಹೋದಾಗ ಈ ಪ್ರಶ್ನೆಗೆ ಬಹಳಷ್ಟು ಹೆಣ್ಣುಮಕ್ಕಳು ಊರು, ಗಂಡನ ಹೆಸರು, ಮಕ್ಕಳೆಷ್ಟು ಅಂತ ಹೇಳಿ ನಿಲ್ಲಿಸುತ್ತಾರೆ. ಸಂಬಳ ನಿಗದಿ ಮಾಡುವವರಿಗೆ ಬೇಕಿರುವುದು ಅದಲ್ಲ. ಎಷ್ಟು ವರ್ಷದ ಅನುಭವ, ಯಾವ ಮೆಷಿನ್ ಓಡಿಸಲು ಬರುತ್ತದೆ, ಯಾವ ಕಷ್ಟದ ಕೆಲಸ ಗೊತ್ತು ಎಂಬುದನ್ನು ಮೊದಲು ಹೇಳಬೇಕು.

ಉದಾಹರಣೆಗೆ: "ಏಳು ವರ್ಷ ಟೈಲರ್ ಆಗಿ ಮಾಡಿದ್ದೀನಿ. ಸಿಂಗಲ್ ನೀಡಲ್, ಓವರ್‌ಲಾಕ್ ಎರಡೂ ಬರತ್ತೆ. ಶರ್ಟಲ್ಲಿ ಕಾಲರ್, ಕಫ್ ಮಾಡ್ತೀನಿ. ಹಿಂದಿನ ಕಡೆ ಇಷ್ಟು ಸಂಬಳ ಇತ್ತು. ಇಲ್ಲಿ ಎಷ್ಟು ಕೊಡ್ತೀರಾ?" ಇಷ್ಟು ಹೇಳಲು ಅರ್ಧ ನಿಮಿಷ ಸಾಕು. ಹೆಲ್ಪರ್ ಅಂತ ಸೇರಿಸಿಕೊಂಡು ಟೈಲರ್ ಕೆಲಸ ಮಾಡಿಸುವುದನ್ನು ತಪ್ಪಿಸಲು ಇದೇ ಮೊದಲ ಹೆಜ್ಜೆ. ಯಾವ ಕೆಲಸಕ್ಕೆ ಸೇರಿಸಿಕೊಂಡರು ಎಂಬುದು ಕಾಗದದಲ್ಲಿ ಇರಲಿ. 2025ರ ನವೆಂಬರ್ 21ರಿಂದ ಜಾರಿಗೆ ಬಂದಿರುವ ಹೊಸ ಕಾರ್ಮಿಕ ಸಂಹಿತೆಗಳು ನೇಮಕಾತಿ ಪತ್ರ ಕೊಡುವುದನ್ನು ಕಡ್ಡಾಯ ಮಾಡಿವೆ. ಅದನ್ನು ಕೇಳಿ ಪಡೆಯುವುದು ಹಕ್ಕು.

ಅಂಗಡಿ ನಡೆಸುವ ಹೆಣ್ಣುಮಕ್ಕಳಿಗೂ ಇದೇ ಮಾತು ಅನ್ವಯ. ಹೋಲ್‌ಸೇಲ್‌ನವರು ಬಂದು "ಯಜಮಾನ್ರು ಇಲ್ವಾ?" ಅಂತ ಕೇಳಿದರೆ "ನಾನೇ ನೋಡ್ಕೊಳ್ಳೋದು, ರೇಟ್ ಹೇಳಿ" ಅನ್ನುವುದು ಉದ್ಧಟತನ ಅಲ್ಲ, ವ್ಯಾಪಾರ.

ಯಾವ ವಿಷಯಕ್ಕೆ ಯಾರ ಬಳಿ ಹೋಗಬೇಕು?

*ಸಂಬಳ, ರಜೆ, ಟಾರ್ಗೆಟ್, ಬೈಗುಳ:* ಮೊದಲು ಎಚ್‌ಆರ್. 20 ಅಥವಾ ಹೆಚ್ಚು ಕಾರ್ಮಿಕರಿರುವ ಕಡೆ ಕುಂದುಕೊರತೆ ನಿವಾರಣಾ ಸಮಿತಿ ಇರಬೇಕು ಎನ್ನುತ್ತದೆ ಕೈಗಾರಿಕಾ ಸಂಬಂಧಗಳ ಸಂಹಿತೆ. ಸಮಿತಿಯಲ್ಲಿ ಮಾಲೀಕರ ಕಡೆಯವರು ಮತ್ತು ಕಾರ್ಮಿಕರು ಸಮಸಂಖ್ಯೆಯಲ್ಲಿರಬೇಕು. ಕಾರ್ಮಿಕರಲ್ಲಿ ಹೆಂಗಸರು ಎಷ್ಟು ಪಾಲು ಇದ್ದಾರೋ ಅದಕ್ಕೆ ಕಡಿಮೆ ಇಲ್ಲದಂತೆ ಸಮಿತಿಯಲ್ಲೂ ಹೆಂಗಸರಿರಬೇಕು. ಅಂದರೆ ಗಾರ್ಮೆಂಟ್ಸ್‌ನಲ್ಲಿ ಸಮಿತಿಯ ಹೆಚ್ಚಿನ ಕುರ್ಚಿಗಳು ಹೆಣ್ಣುಮಕ್ಕಳದ್ದೇ. ಆ ಕುರ್ಚಿಗೆ ಮ್ಯಾನೇಜ್‌ಮೆಂಟ್‌ಗೆ ಬೇಕಾದ, ಬಾಯಿ ಬಿಡದವರನ್ನು ಕೂರಿಸಿದರೆ ಸಮಿತಿ ಬರೀ ಕಾಗದದಲ್ಲಿ ಉಳಿಯುತ್ತದೆ. ಅಲ್ಲಿ ಪರಿಹಾರ ಸಿಗದಿದ್ದರೆ ಕಾರ್ಮಿಕ ಇಲಾಖೆಗೆ ದೂರು ಕೊಡಬಹುದು.

*ಲೈಂಗಿಕ ಕಿರುಕುಳ:* ಮೈ ಮುಟ್ಟುವುದು, ಅಶ್ಲೀಲ ಮಾತು, ಚಿತ್ರ ತೋರಿಸುವುದು, "ನಾನು ಹೇಳಿದ ಹಾಗೆ ಕೇಳಿದ್ರೆ ರಜೆ ಕೊಡ್ತೀನಿ" ಎನ್ನುವುದು, ಇವೆಲ್ಲ 2013ರ ಕಾಯ್ದೆಯ ಅಡಿ ಬರುತ್ತವೆ. ಕಾಂಟ್ರಾಕ್ಟ್, ದಿನಗೂಲಿ, ತರಬೇತಿಯಲ್ಲಿ ಇರುವವರಿಗೂ, ಮನೆಗೆಲಸದವರಿಗೂ ಈ ಕಾಯ್ದೆ ಅನ್ವಯ. ಮುಖ್ಯ ಅಂಶಗಳು:

- 10 ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ಆಂತರಿಕ ಸಮಿತಿ ಕಡ್ಡಾಯ. ಅಧ್ಯಕ್ಷೆ ಮಹಿಳೆಯೇ ಆಗಿರಬೇಕು, ಸದಸ್ಯರಲ್ಲಿ ಅರ್ಧಕ್ಕೆ ಕಡಿಮೆ ಇಲ್ಲದಂತೆ ಮಹಿಳೆಯರಿರಬೇಕು, ಹೊರಗಿನ ಒಬ್ಬ ಸದಸ್ಯರೂ ಇರಬೇಕು.
- ಘಟನೆ ನಡೆದ 3 ತಿಂಗಳ ಒಳಗೆ ಲಿಖಿತ ದೂರು ಕೊಡಬೇಕು. ಸರಿಯಾದ ಕಾರಣ ಇದ್ದರೆ ಸಮಿತಿ ಇನ್ನೂ 3 ತಿಂಗಳು ಕೊಡಬಹುದು. ಬರೆಯಲು ಬಾರದಿದ್ದರೆ ಬರೆಯಲು ನೆರವಾಗುವುದು ಸಮಿತಿಯ ಕರ್ತವ್ಯ.
- ವಿಚಾರಣೆ 90 ದಿನದಲ್ಲಿ ಮುಗಿಯಬೇಕು. ದೂರು ಕೊಟ್ಟವರ ಹೆಸರು, ವಿಳಾಸ ಹೊರಗೆ ಬಿಡುವಂತಿಲ್ಲ.
- ವಿಚಾರಣೆ ನಡೆಯುವಾಗ ಬೇರೆ ವಿಭಾಗಕ್ಕೆ ವರ್ಗ ಅಥವಾ ರಜೆ ಕೇಳಬಹುದು.
- ಸಾಬೀತು ಮಾಡಲು ಆಗಲಿಲ್ಲ ಎಂಬ ಒಂದೇ ಕಾರಣಕ್ಕೆ ಅದು ಸುಳ್ಳು ದೂರು ಆಗುವುದಿಲ್ಲ. ಹಲವರು ಹಿಂಜರಿಯುವುದು ಇದೇ ಭಯಕ್ಕೆ.

*ಹತ್ತಕ್ಕಿಂತ ಕಡಿಮೆ ಜನರಿರುವ ಅಂಗಡಿ, ಹೋಟೆಲ್, ಸಣ್ಣ ಘಟಕ:* ಇಲ್ಲಿ ಆಂತರಿಕ ಸಮಿತಿ ಇರುವುದಿಲ್ಲ. ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿಗೆ ದೂರು ಕೊಡಬೇಕು. ಮಾಲೀಕನ ಮೇಲೇ ದೂರು ಇದ್ದರೂ ಅಲ್ಲಿಗೇ ಹೋಗಬೇಕು. ದೂರು ಪಡೆಯಲು ತಾಲ್ಲೂಕಿಗೆ, ನಗರದಲ್ಲಿ ವಾರ್ಡಿಗೆ ಒಬ್ಬ ನೋಡಲ್ ಅಧಿಕಾರಿ ಇರಬೇಕು ಎನ್ನುತ್ತದೆ ಕಾಯ್ದೆ. ಕೇಂದ್ರದ ಶೀ-ಬಾಕ್ಸ್ ಪೋರ್ಟಲ್‌ನಲ್ಲೂ ದೂರು ದಾಖಲಿಸಬಹುದು.

*ಪಿಎಫ್:* ಯುಎಎನ್ ನಂಬರ್ ಇದ್ದರೆ ಉಮಂಗ್ ಆಪ್‌ನಲ್ಲಿ ಪಾಸ್‌ಬುಕ್ ನೋಡಬಹುದು. ಕಡಿತ ಆಗಿಯೂ ಖಾತೆಗೆ ಹೋಗಿಲ್ಲ ಅಂತ ಗೊತ್ತಾದರೆ ಸ್ಲಿಪ್ ಸಮೇತ ಪಿಎಫ್ ಕಚೇರಿಗೆ ಬರೆದುಕೊಡಿ. ಪ್ರತಿ ತಿಂಗಳು 27ರಂದು ಪಿಎಫ್ ಇಲಾಖೆ ಜಿಲ್ಲೆಗಳಲ್ಲಿ 'ನಿಧಿ ಆಪ್ಕೆ ನಿಕಟ್' ಹೆಸರಿನ ಅಹವಾಲು ಶಿಬಿರ ನಡೆಸುತ್ತದೆ.

*ಬೀದಿ ವ್ಯಾಪಾರ:* 2014ರ ಕಾಯ್ದೆ ಪ್ರಕಾರ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಶೇ 40ಕ್ಕೆ ಕಡಿಮೆ ಇಲ್ಲದಂತೆ ವ್ಯಾಪಾರಿಗಳ ಪ್ರತಿನಿಧಿಗಳು, ಅವರಲ್ಲಿ ಮೂರನೇ ಒಂದು ಭಾಗ ಮಹಿಳೆಯರು ಇರಬೇಕು.

*ವಕೀಲರ ನೆರವು:* ಆದಾಯ ಎಷ್ಟೇ ಇರಲಿ, ಮಹಿಳೆಯರಿಗೆ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ನೆರವು ಸಿಗುತ್ತದೆ.

ಅಭ್ಯಾಸ ಮಾಡಲು ಜಾಗ ಎಲ್ಲಿ?

ಈಜು ಕಲಿಯಲು ನೀರಿಗೆ ಇಳಿಯಬೇಕಾದ ಹಾಗೆ, ಮಾತು ಕಲಿಯಲು ಬೈಯುವವರಿಲ್ಲದ ಒಂದು ಕೂಟ ಬೇಕು. ಇದಕ್ಕೆ ಹತ್ತಿರದಲ್ಲಿರುವುದು ಸ್ತ್ರೀಶಕ್ತಿ ಸಂಘಗಳು. 2000–01ರಲ್ಲಿ ರಾಜ್ಯ ಸರ್ಕಾರ ಈ ಯೋಜನೆ ಶುರು ಮಾಡಿತು. ಸಂಘ ಅಂದರೆ ಸಾಲದ ಕಂತು ಕಟ್ಟುವ ಜಾಗ ಅಂತಷ್ಟೇ ಆಗಿಬಿಟ್ಟಿದೆ. ಸಭೆಯ ಕೊನೆಯ ಹದಿನೈದು ನಿಮಿಷ ಒಬ್ಬೊಬ್ಬರು ಎದ್ದು ನಿಂತು ಒಂದು ವಿಷಯ ಹೇಳಬೇಕು, ಲೆಕ್ಕ ಓದುವ ಕೆಲಸ ಪ್ರತಿ ವಾರ ಬೇರೆಯವರದ್ದು ಅಂತ ಮಾಡಿಕೊಂಡರೆ ಮೂರು ತಿಂಗಳಲ್ಲಿ ವ್ಯತ್ಯಾಸ ಕಾಣುತ್ತದೆ.

ಕಾರ್ಮಿಕ ಸಂಘಗಳು ಇನ್ನೊಂದು ಜಾಗ. ಬೆಂಗಳೂರಿನಲ್ಲಿ 2012ರಲ್ಲಿ ಶುರುವಾದ ಗಾರ್ಮೆಂಟ್ ಲೇಬರ್ ಯೂನಿಯನ್ ಹೆಣ್ಣುಮಕ್ಕಳೇ ಮುಂದೆ ನಿಂತು ನಡೆಸುವ ಸಂಘ. ಅದರ ಅಧ್ಯಕ್ಷೆಯಾಗಿ ಹೆಸರಾದ ರುಕ್ಮಿಣಿ ಅವರೂ ಗಾರ್ಮೆಂಟ್ಸ್‌ನಲ್ಲಿ ದುಡಿದು ಬಂದವರು.

ಬೆಂಗಳೂರು ಉತ್ತರ ತಾಲ್ಲೂಕಿನ ಹಳ್ಳಿಗಳಲ್ಲಿ ಇರುವವರಿಗೆ ಗ್ರಾಮಸಭೆ ಇದೆ. ಗ್ರಾಮ ಪಂಚಾಯಿತಿಗಳ ಅರ್ಧ ಸ್ಥಾನ ಹೆಣ್ಣುಮಕ್ಕಳಿಗೆ ಮೀಸಲು. ಆದರೂ ಮೀಟಿಂಗಿನಲ್ಲಿ ಸದಸ್ಯೆಯ ಬದಲು ಗಂಡ ಮಾತಾಡುವ ರೂಢಿ ಇನ್ನೂ ಹೋಗಿಲ್ಲ. ಸದಸ್ಯೆಯನ್ನೇ ಹೆಸರು ಹಿಡಿದು ಕರೆದು "ನೀವು ಹೇಳಿ ಅಕ್ಕ" ಅಂತ ಊರಿನವರು ಕೇಳಲು ಶುರು ಮಾಡಿದರೆ ಅರ್ಧ ಕೆಲಸ ಆದ ಹಾಗೆ.

ಮಾಲೀಕರು, ಮನೆಯವರು ಏನು ಮಾಡಬಹುದು?

ಕೇಳುವವರಿಲ್ಲದ ಕಡೆ ಎಷ್ಟು ತರಬೇತಿ ಕೊಟ್ಟರೂ ಮಾತು ಹೊರಡುವುದಿಲ್ಲ. ಅಂಗಡಿಯವರು ತಿಂಗಳಿಗೊಮ್ಮೆ ಹತ್ತು ನಿಮಿಷ ಕೂತು "ಏನು ತೊಂದರೆ ಇದೆ, ಹೇಳಿ" ಅಂತ ಕೇಳಬಹುದು. ಕೇಳಿದ ಮೇಲೆ ಒಂದನ್ನಾದರೂ ಸರಿಪಡಿಸಬೇಕು, ಇಲ್ಲದಿದ್ದರೆ ಮುಂದಿನ ತಿಂಗಳು ಯಾರೂ ಬಾಯಿ ಬಿಡಲ್ಲ. 10 ಅಥವಾ ಹೆಚ್ಚು ಕೆಲಸಗಾರರಿದ್ದರೆ ಆಂತರಿಕ ಸಮಿತಿ ರಚಿಸಿ ಸದಸ್ಯರ ಹೆಸರನ್ನು ಗೋಡೆಗೆ ಹಾಕಿ. ಸಮಿತಿ ಇಲ್ಲದಿದ್ದರೆ 50,000 ರೂಪಾಯಿವರೆಗೆ ದಂಡ ಬೀಳುತ್ತದೆ.

ಮನೆಯಲ್ಲಿ, ಕೆಲಸದ ತೊಂದರೆ ಹೇಳಿಕೊಂಡ ಮಗಳಿಗೋ ಹೆಂಡತಿಗೋ "ಬಿಟ್ಟುಬಿಡು ಆ ಕೆಲಸ" ಅನ್ನುವ ಮೊದಲು "ಏನು ಮಾಡೋಣ ಅಂತೀಯ?" ಅಂತ ಕೇಳಿದರೆ ಸಾಕು. ಹಾಗೆ ಕೇಳುವವರು ಮನೆಯಲ್ಲಿದ್ದರೆ ಆಕೆ ಮುಂದಿನ ತೊಂದರೆಯನ್ನು ಮುಚ್ಚಿಡುವುದಿಲ್ಲ.

ಈ ನಂಬರ್‌ಗಳು ಫೋನಿನಲ್ಲಿರಲಿ

- ತುರ್ತು ನೆರವು: 112
- ಮಹಿಳಾ ಸಹಾಯವಾಣಿ: 181
- ಉಚಿತ ಕಾನೂನು ನೆರವು: 15100
- ಮಕ್ಕಳ ಸಹಾಯವಾಣಿ: 1098